ಪಥ್ಯ ತಪ್ಪಿದ್ದಲ್ಲ, ಮೇಷ್ಟ್ರೇ

ಕೇಳುಗರಿಗೆ ನಮಸ್ಕಾರ.

ಮೊನ್ನೆ ನನ್ನ ಮುಂದೆ ಕೂತಿದ್ದ ಮೇಷ್ಟ್ರಿಗೆ 42 ವರ್ಷ. ಬೆಲ್ಟಿಗೆ ಮೊಳೆಯಲ್ಲಿ ಹೊಸದಾಗಿ ಎರಡು ತೂತು ಹೊಡೆದುಕೊಂಡಿದ್ದರು. ಶುಗರ್ ಅಂತ ಗೊತ್ತಾಗಿ ಎರಡು ವರ್ಷ. ಒಂದು ಮಾತ್ರೆ ಎರಡಾಯಿತು, ಎರಡು ಮೂರಾಯಿತು. ಅನ್ನ ಬಿಟ್ಟು ಮುದ್ದೆ ಹಿಡಿದರು. ಆದರೂ ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ಎಚ್‌ಬಿಎ1ಸಿ ಶೇಕಡಾ 10ರಿಂದ ಇಳಿಯಲೇ ಇಲ್ಲ. ಕದ್ದು ಸಿಹಿ ತಿಂತಾರೆ ಅಂತ ಮನೆಯವರಿಗೆ ಅನುಮಾನ. ಪಾಪ, ಕಾಫಿಗೂ ಸಕ್ಕರೆ ಬಿಟ್ಟ ಮನುಷ್ಯ ಅವರು.

ಅವರಿಗಿದ್ದದ್ದು ಲಾಡಾ, ಅಂದರೆ ದೊಡ್ಡವರಲ್ಲಿ ಮೆಲ್ಲಗೆ ಬೆಳೆಯುವ ಒಂದು ಬಗೆಯ ಶುಗರ್. ಈ ಹೆಸರು ಬಂದದ್ದು 1993ರಲ್ಲಿ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಕೊಲ್ಲುತ್ತದೆ. ಮಕ್ಕಳ ಟೈಪ್ 1 ಶುಗರಿನಲ್ಲೂ ಆಗುವುದು ಇದೇ. ಆದರೆ ಇಲ್ಲಿ ನಿಧಾನ, ವರ್ಷಗಟ್ಟಲೆ ಹಿಡಿಯುತ್ತದೆ. ಮೊದಮೊದಲು ಮಾತ್ರೆಗೆ ಬಗ್ಗುತ್ತದಲ್ವಾ, ಎಲ್ಲರೂ ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಟೈಪ್ 2 ಅಂದುಕೊಳ್ಳುತ್ತಾರೆ.

ಪತ್ತೆಗೆ ಎರಡು ರಕ್ತಪರೀಕ್ಷೆ ಬೇಕು. ಒಂದು ಗ್ಯಾಡ್ ಆಂಟಿಬಾಡಿ, ಅಂದರೆ ನಮ್ಮದೇ ಕೋಶಗಳ ವಿರುದ್ಧ ಹುಟ್ಟುವ ಪ್ರತಿಕಾಯ. ಅದು ಇದ್ದರೆ ಈ ದಾಳಿ ನಡೆದಿದೆ ಅಂತ ಗುಮಾನಿ. ಇನ್ನೊಂದು ಸಿ-ಪೆಪ್ಟೈಡ್. ದೇಹ ಇನ್ಸುಲಿನ್ ಮಾಡುವಾಗಲೆಲ್ಲ ಜೊತೆಗೆ ಇದೂ ಹುಟ್ಟುತ್ತದೆ. ಚುಚ್ಚಿಕೊಳ್ಳುವ ಇನ್ಸುಲಿನ್‌ನಲ್ಲಿ ಇದು ಇರುವುದಿಲ್ಲ. ಹಾಗಾಗಿ ನಮ್ಮದೇ ಇನ್ಸುಲಿನ್ ಎಷ್ಟು ಉಳಿದಿದೆ ಅಂತ ಲೆಕ್ಕ ಸಿಗುತ್ತದೆ. ಈ ಸಿ-ಪೆಪ್ಟೈಡ್ ಲೀಟರಿಗೆ 0.3 ನ್ಯಾನೊಮೋಲ್‌ಗಿಂತ ಕಡಿಮೆಯಿದ್ದರೆ ಟೈಪ್ 1ರಂತೆಯೇ ಇನ್ಸುಲಿನ್ ಬೇಕು ಅಂತ 2020ರಲ್ಲಿ ತಜ್ಞರು ಹೇಳಿದರು. 0.7ರ ಮೇಲಿದ್ದರೆ ಹೆಚ್ಚುಕಡಿಮೆ ಟೈಪ್ 2ರ ಚಿಕಿತ್ಸೆಯ ದಾರಿ. ನಡುವೆ ಇದ್ದವರು ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು.

ಮಾತ್ರೆಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದವು ಅಳಿದುಳಿದ ಕೋಶಗಳನ್ನೇ ಹಿಂಡಿ ಇನ್ಸುಲಿನ್ ತೆಗೆಯುತ್ತವೆ. ಲಾಡಾದವರಿಗೆ ಅವು ಬೇಡ. ಡಾಪಾಗ್ಲಿಫ್ಲೋಜಿನ್ ಥರದವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಇನ್ಸುಲಿನ್ ಕಡಿಮೆಯಿರುವವರು ಇವನ್ನು ತಗೊಂಡರೆ ರಕ್ತ ಆಮ್ಲವಾಗಿಬಿಡಬಹುದು. ಶುಗರ್ ಅಷ್ಟೇನೂ ಜಾಸ್ತಿ ಇಲ್ಲದೆಯೂ ಹೀಗಾಗುತ್ತದೆ, ಅದೇ ಮೋಸ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಸುಮ್ನೆ ಮಲಗಬೇಡಿ, ಆಸ್ಪತ್ರೆಗೆ ಓಡಿ. ಹಾಗಂತ ಇದನ್ನು ಕೇಳಿ ಇವತ್ತೇ ಮಾತ್ರೆ ನಿಲ್ಲಿಸಬೇಡಿ. ನಿಮ್ಮ ಡಾಕ್ಟರ ಹತ್ತಿರ ಮಾತಾಡಿ.

ಇನ್ಸುಲಿನ್ ಅಂದ ತಕ್ಷಣ ಮೇಷ್ಟ್ರ ಮುಖ ಬಾಡಿತು. "ಕೊನೇ ಹಂತವಾ ಸಾರ್?" ಅಂದರು. ಅಲ್ಲ, ನಿಮ್ಮಲ್ಲಿ ಇಲ್ಲದ್ದನ್ನು ಹೊರಗಿಂದ ಕೊಡುತ್ತೇವೆ, ಅಷ್ಟೇ ಅಂದೆ. ಇನ್ಸುಲಿನ್ ಪೆನ್ನಿನ ಸೂಜಿ ತೋರಿಸಿದೆ, 4 ಮಿಲಿಮೀಟರ್. ಹೊಟ್ಟೆಯ ಮೇಲೆ ಅವರೇ ಚುಚ್ಚಿಕೊಂಡು, "ಚುಚ್ಚಿತಾ?" ಅಂತ ನನ್ನನ್ನೇ ಕೇಳಿದರು.

ಅವರ ಮನೆಯಾಕೆಯದು ಬೇರೆ ಚಿಂತೆ. ಫ್ರಿಜ್ಜಿನಲ್ಲಿ ಎಲ್ಲಿಡಲಿ? ಹಾಲಿನ ಪಕ್ಕ ಇಡಿ ತಾಯಿ, ಐಸ್ ಆಗುವ ಕಡೆ ಮಾತ್ರ ಬೇಡ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಎಸೆಯಬೇಕಾದ್ದೇ.

ನಮಸ್ಕಾರ.