ನೂರು ಬಿಳಿ ಕಣ ಎಣಿಸುವುದು ಹೇಗೆ?

ಕೇಳುಗರೆಲ್ಲರಿಗೂ ನಮಸ್ಕಾರ. ರಕ್ತದ ರಿಪೋರ್ಟ್ ಕೈಗೆ ಬಂದ ಕೂಡಲೇ ನಾವು ನೋಡುವುದು ಯಾವ ಸಂಖ್ಯೆ ದಪ್ಪ ಅಕ್ಷರದಲ್ಲಿದೆ ಅಂತ, ಅಲ್ವಾ? ಅದರಲ್ಲಿ ಡಿಸಿ, ಅಂದರೆ ಡಿಫರೆನ್ಷಿಯಲ್ ಕೌಂಟ್ ಅಂತ ಒಂದು ಭಾಗ ಇರುತ್ತದೆ. ರಕ್ತದ ಬಿಳಿ ಕಣಗಳಲ್ಲಿ ಯಾವ ಬಗೆಯದು ನೂರಕ್ಕೆ ಎಷ್ಟಿದೆ ಅನ್ನುವ ಲೆಕ್ಕ ಅದು. ನ್ಯೂಟ್ರೋಫಿಲ್ 60, ಲಿಂಫೋಸೈಟ್ 30, ಇಯೋಸಿನೋಫಿಲ್ 5, ಮೊನೋಸೈಟ್ 5, ಬೇಸೋಫಿಲ್ 0. ಕೂಡಿಸಿದರೆ ಸರಿಯಾಗಿ ನೂರು. ಈ ನೂರು ಎಲ್ಲಿಂದ ಬರುತ್ತದೆ, ಅದನ್ನು ಎಷ್ಟು ನಂಬಬಹುದು ಅಂತ ಇವತ್ತು ಮಾತಾಡೋಣ.

ಈಗ ಬಹಳಷ್ಟು ಕಡೆ ಮೆಷಿನ್ನೇ ಎಣಿಸುತ್ತದೆ. ಆದರೆ ಅನುಮಾನ ಬಂದರೆ ಸ್ಲೈಡನ್ನೇ ನೋಡಬೇಕು. ಗಾಜಿನ ಸ್ಲೈಡಿನ ಒಂದು ತುದಿಗೆ ಚಿಕ್ಕ ಹನಿ ರಕ್ತ ಇಟ್ಟು, ಇನ್ನೊಂದು ಸ್ಲೈಡನ್ನು ಓರೆಯಾಗಿ ಹಿಡಿದು, ಹನಿಗೆ ತಾಗಿಸಿ ಒಂದೇ ಸಲಕ್ಕೆ ಮುಂದಕ್ಕೆ ತಳ್ಳುತ್ತಾರೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಆಗಿ ನಾಲಿಗೆ ಆಕಾರದ ಪದರ ಬರುತ್ತದೆ. ಇದಕ್ಕೇ ಸ್ಮಿಯರ್ ಅನ್ನುತ್ತಾರೆ. ಕೈ ನಡುಗಿದರೆ, ನಡುವೆ ನಿಲ್ಲಿಸಿದರೆ ಅಲ್ಲಲ್ಲಿ ಅಡ್ಡಗೆರೆ ಬೀಳುತ್ತದೆ. ಅದನ್ನು ಬೇಗ ಒಣಗಿಸಬೇಕು. ಮಳೆಗಾಲದ ತೇವದಲ್ಲಿ ನಿಧಾನವಾಗಿ ಒಣಗಿದರೆ ಕೆಂಪು ಕಣಗಳಲ್ಲಿ ತೂತು ಬಿದ್ದಂತೆ ಕಾಣುತ್ತದೆ, ನೋಡುವವರಿಗೆ ಸುಮ್ನೆ ಗೊಂದಲ.

ಆಮೇಲೆ ಬಣ್ಣ. ನಮ್ಮ ಲ್ಯಾಬುಗಳಲ್ಲಿ ಹೆಚ್ಚಾಗಿ ಬಳಸುವುದು ಲೀಶ್ಮನ್ ಸ್ಟೇನ್. ಬ್ರಿಟಿಷ್ ಸೇನೆಯ ವೈದ್ಯ ವಿಲಿಯಂ ಲೀಶ್ಮನ್ 1901ರಲ್ಲಿ ಇದನ್ನು ಪ್ರಕಟಿಸಿದರು. ಭಾರತದಲ್ಲೂ ಅವರು ಕೆಲಸ ಮಾಡಿದ್ದರು. ಕೆಂಪಿನ ಕಡೆಯ ಇಯೋಸಿನ್, ನೀಲಿ ಕಡೆಯ ಮಿಥಿಲೀನ್ ಬ್ಲೂ, ಇವೆರಡರ ಜೋಡಿ ಇದು. ಸ್ಲೈಡಿನ ಮೇಲೆ ಸ್ಟೇನ್ ಸುರಿದು ಒಂದೆರಡು ನಿಮಿಷ ಬಿಟ್ಟು, ಅದರ ಎರಡು ಪಟ್ಟು ಬಫರ್ ನೀರು, ಅಂದರೆ ಪಿಎಚ್ ಏರುಪೇರಾಗದಂತೆ ಹಿಡಿದಿಡುವ ನೀರು ಸೇರಿಸಿ, ಇನ್ನೊಂದಷ್ಟು ನಿಮಿಷ ಇಡುತ್ತಾರೆ. ಎಡವಟ್ಟಾಗುವುದು ಇಲ್ಲೇ. ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 6.8ರ ಹತ್ತಿರ ಇರಬೇಕು. ಬಫರ್ ಬಿಟ್ಟು ಕ್ಷಾರ ಇರುವ ನಲ್ಲಿ ನೀರನ್ನೇ ಹಾಕಿದರೆ ಎಲ್ಲವೂ ನೀಲಿ ತಿರುಗುತ್ತದೆ, ಇಯೋಸಿನೋಫಿಲ್‌ನ ಕಿತ್ತಳೆ ಕಾಳುಗಳೂ ಮಂಕಾಗುತ್ತವೆ. ಆಮ್ಲದ ಕಡೆ ವಾಲಿದರೆ ಎಲ್ಲ ಕೆಂಪಾಗಿ, ನ್ಯೂಕ್ಲಿಯಸ್ ಮಾಸಲಾಗುತ್ತದೆ. ಹೀಗಾದರೆ ಎಣಿಸುವವರಿಗೆ ಯಾವ ಕಣ ಯಾವುದು ಅಂತ ಗೊತ್ತಾಗುವುದಾದರೂ ಹೇಗೆ?

ಸರಿಯಾಗಿ ಬಣ್ಣ ಬಂದ ಸ್ಲೈಡು ನೋಡುವುದೇ ಖುಷಿ. ನ್ಯೂಟ್ರೋಫಿಲ್‌ಗೆ ಮೂರು ನಾಲ್ಕು ಹಾಲೆಗಳಿರುವ ನೇರಳೆ ನ್ಯೂಕ್ಲಿಯಸ್, ಸುತ್ತ ಸಣ್ಣ ಕಾಳು. ಲಿಂಫೋಸೈಟ್‌ನಲ್ಲಿ ದುಂಡನೆಯ ನ್ಯೂಕ್ಲಿಯಸ್ ಬಹುತೇಕ ಜಾಗವನ್ನೆಲ್ಲ ತುಂಬಿಕೊಂಡಿರುತ್ತದೆ, ಅಂಚಿಗೆ ನೀಲಿ ಪಟ್ಟಿ ಅಷ್ಟೇ. ಮೊನೋಸೈಟ್ ದೊಡ್ಡದು, ಮಡಿಚಿದಂಥ ನ್ಯೂಕ್ಲಿಯಸ್, ಬೂದು ನೀಲಿ ಬಣ್ಣ. ಇಯೋಸಿನೋಫಿಲ್‌ಗೆ ಸಾಮಾನ್ಯವಾಗಿ ಎರಡು ಹಾಲೆ, ಒತ್ತೊತ್ತಾಗಿ ಕಿತ್ತಳೆ ಕೆಂಪು ಕಾಳು. ಬೇಸೋಫಿಲ್ ಅಪರೂಪ, ಕಪ್ಪು ನೇರಳೆ ಕಾಳುಗಳಿಂದ ನ್ಯೂಕ್ಲಿಯಸ್ಸೇ ಮುಚ್ಚಿಹೋಗಿರುತ್ತದೆ.

ಈಗ ಎಣಿಸುವ ಜಾಗ. ಎಲ್ಲಿ ಬೇಕಾದರೂ ನೋಡಿ ಎಣಿಸುವ ಹಾಗಿಲ್ಲ. ದಪ್ಪ ಕಡೆ ಕಣಗಳು ಒಂದರ ಮೇಲೊಂದು ಬಿದ್ದಿರುತ್ತವೆ. ತುದಿಯಲ್ಲಿ, ಅಂಚುಗಳಲ್ಲಿ ನ್ಯೂಟ್ರೋಫಿಲ್, ಮೊನೋಸೈಟ್‌ನಂಥ ದೊಡ್ಡ ಕಣಗಳು ಜಾಸ್ತಿ ಸೇರಿಕೊಳ್ಳುತ್ತವೆ, ಲಿಂಫೋಸೈಟ್ ನಡುವಿನಲ್ಲಿ ಉಳಿಯುತ್ತವೆ. ಅದಕ್ಕೇ ಕೆಂಪು ಕಣಗಳು ಒಂದಕ್ಕೊಂದು ತಾಗಿಯೂ ತಾಗದಂತಿರುವ ಜಾಗ ಹುಡುಕಿ, ಎಣ್ಣೆ ಹಾಕಿ ನೋಡುವ 100ಎಕ್ಸ್ ಲೆನ್ಸಿನಲ್ಲಿ ಕೋಟೆಯ ತೆನೆಯ ಹಾಗೆ ಏರುತ್ತಾ, ಪಕ್ಕಕ್ಕೆ ಸರಿಯುತ್ತಾ, ಇಳಿಯುತ್ತಾ ಹೋಗುತ್ತಾರೆ. ಕಂಡ ಪ್ರತಿ ಬಿಳಿ ಕಣಕ್ಕೂ ಕೌಂಟರಿನಲ್ಲಿ ಒಂದು ಗುಂಡಿ ಒತ್ತಬೇಕು, ಇದು ಚೆನ್ನಾಗಿಲ್ಲ ಅಂತ ಬಿಟ್ಟು ಮುಂದೆ ಹೋಗುವ ಹಾಗಿಲ್ಲ.

ನೂರಕ್ಕೆ ನಿಲ್ಲಿಸುವುದು ಅನುಕೂಲಕ್ಕೆ, ಅಷ್ಟೇ. ನೂರರಲ್ಲಿ 5 ಇಯೋಸಿನೋಫಿಲ್ ಸಿಕ್ಕಿತು ಅಂದರೆ ಆ ರಕ್ತದಲ್ಲಿ ನಿಜವಾದ ಪಾಲು ಸುಮಾರು 2ರಿಂದ 11ರವರೆಗೆ ಎಷ್ಟಾದರೂ ಇರಬಹುದು. ಕೆಲಸಗಾರ ಎಷ್ಟೇ ಜಾಣನಾದರೂ ಇದು ತಪ್ಪುವುದಿಲ್ಲ. ಇನ್ನೂರು ಎಣಿಸಿ ಹತ್ತು ಸಿಕ್ಕರೆ ಆ ಅಂತರ ಸ್ವಲ್ಪ ಕಡಿಮೆಯಾಗುತ್ತದೆ, ಸುಮಾರು 2ರಿಂದ 9. ಹಾಗಾಗಿ ಹೋದ ತಿಂಗಳು 4 ಇದ್ದದ್ದು ಈಗ 7 ಆಯಿತು ಅಂತ ರಾತ್ರಿ ನಿದ್ದೆಗೆಡುವುದು ನನ್ನ ಲೆಕ್ಕದಲ್ಲಿ ದಂಡ.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ. ಶೇಕಡಾವಾರು ಲೆಕ್ಕ ಒಂದನ್ನೇ ನೋಡಬಾರದು, ಟೋಟಲ್ ಕೌಂಟ್, ಅಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿರುವ ಒಟ್ಟು ಬಿಳಿ ಕಣಗಳ ಸಂಖ್ಯೆ, ಅದರ ಜೊತೆ ಗುಣಿಸಿ ನೋಡಬೇಕು. ಒಬ್ಬರ ಟೋಟಲ್ 4000, ಇಯೋಸಿನೋಫಿಲ್ 10 ಅಂದರೆ 400, ಅದು ಮಾಮೂಲಿ. ಇನ್ನೊಬ್ಬರ ಟೋಟಲ್ 12000, ಅದೇ 10 ಅಂದರೆ 1200. ಜಂತುಹುಳು, ಅಲರ್ಜಿ, ಆಸ್ತಮಾ ಏನಾದರೂ ಇದೆಯಾ ಅಂತ ಡಾಕ್ಟರು ಕೇಳುತ್ತಾರೆ. ಟೋಟಲ್ 2000 ಇದ್ದು ಲಿಂಫೋಸೈಟ್ 70, ನ್ಯೂಟ್ರೋಫಿಲ್ 25 ಬಂದರೆ ಲಿಂಫೋಸೈಟ್ ಜಾಸ್ತಿ ಅಂತ ಎಲ್ಲರೂ ಗಾಬರಿಯಾಗುತ್ತಾರೆ. ಆದರೆ ಲಿಂಫೋಸೈಟ್ 1400 ಅಷ್ಟೇ. ಇಲ್ಲಿ ಹೆದರಬೇಕಾದ್ದು ನ್ಯೂಟ್ರೋಫಿಲ್ ಬರೀ 500ಕ್ಕೆ ಇಳಿದಿರುವುದಕ್ಕೆ. ಜ್ವರವೂ ಜೊತೆಗಿದ್ದರೆ ಆಸ್ಪತ್ರೆಗೆ ಹೋಗಲು ತಡಮಾಡಬಾರದು.

ಮೆಷಿನ್ ಚುರುಕೇನೋ ಹೌದು, ಸಾವಿರಾರು ಕಣ ನೋಡುತ್ತದೆ, ಒಳ್ಳೆಯದೇ. ಆದರೆ ಬೆಳೆಯದ ಬ್ಲಾಸ್ಟ್ ಕಣಗಳೋ, ವೈರಸ್ ಜ್ವರದಲ್ಲಿ ಬರುವ ವಿಚಿತ್ರ ಆಕಾರದ ಲಿಂಫೋಸೈಟ್‌ಗಳೋ ಇದ್ದರೆ ಅದು ಒಂದು ಎಚ್ಚರಿಕೆ ಗುರುತು ಹಾಕಿ ನಿಲ್ಲುತ್ತದೆ. ಆಗ ಸ್ಲೈಡು ಮಾಡಿ ಪೆಥಾಲಜಿ ಡಾಕ್ಟರು ನೋಡಬೇಕು. ರಿಪೋರ್ಟಿನ ಕೆಳಗೆ ಸ್ಮಿಯರ್ ಬಗ್ಗೆ ಒಂದೆರಡು ಸಾಲು ಬರೆದಿದ್ದಾರಾ ನೋಡಿ. ಬರೆದಿಲ್ಲ, ಗುರುತು ಮಾತ್ರ ಇದೆ ಅಂದರೆ, ಸ್ಲೈಡ್ ನೋಡಿದ್ದೀರಾ ಅಂತ ಲ್ಯಾಬಿನವರನ್ನು ಕೇಳಿ. ಕೇಳಿದರೆ ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. ನಮಸ್ಕಾರ.