ಈ ಸೀರೀಸ್ ನಾನು ನೋಡಬಹುದಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಏಳನೇ, ಎಂಟನೇ ಕ್ಲಾಸಿನ ಮಕ್ಕಳಿರುವ ಮನೆಗಳಲ್ಲಿ ಈಗ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ. "ಅಮ್ಮಾ, ನನ್ನ ಫ್ರೆಂಡ್ಸ್ ಎಲ್ಲರೂ ನೋಡಿದ್ದಾರೆ. ಈ ಸೀರೀಸ್ ನಾನೂ ನೋಡಲಾ?" ಪೋಸ್ಟರ್ ನೋಡಿದರೆ ಹೈಸ್ಕೂಲು ಮಕ್ಕಳ ಕಥೆ. ಬೆನ್ನಿಗೆ ಬ್ಯಾಗು, ಗೆಳೆತನ, ಜಗಳ, ಮೊದಲ ಪ್ರೀತಿ. ಮಕ್ಕಳಿಗೆಂದೇ ಮಾಡಿರಬೇಕು ಅನ್ನಿಸುತ್ತದೆ. ಅಮ್ಮ ಅಡುಗೆಮನೆಯಿಂದಲೇ "ಹೂಂ, ನೋಡು" ಅಂದುಬಿಡುತ್ತಾರೆ. ಅಥವಾ ಏನೂ ವಿಚಾರಿಸದೆ "ಬೇಡ" ಅನ್ನುತ್ತಾರೆ. ಈ ಎರಡು ಉತ್ತರಗಳ ನಡುವೆ ನಾವು ಮಾಡಬೇಕಾದ ಕೆಲಸ ಸ್ವಲ್ಪ ಇದೆ. ಇವತ್ತು ಅದರ ಬಗ್ಗೆ ಮಾತಾಡುತ್ತೇನೆ.

ಮುಂದಿನ ಮಾತಿನಲ್ಲಿ ಆತ್ಮಹತ್ಯೆಯ ವಿಷಯ ಬರುತ್ತದೆ. ಚಿಕ್ಕ ಮಕ್ಕಳು ಪಕ್ಕದಲ್ಲಿದ್ದರೆ ದಯವಿಟ್ಟು ಗಮನವಿರಲಿ.

ಒಂದು ಉದಾಹರಣೆಯಿಂದ ಶುರು ಮಾಡೋಣ. 2017ರ ಮಾರ್ಚ್ 31ರಂದು ನೆಟ್‌ಫ್ಲಿಕ್ಸ್‌ನಲ್ಲಿ 'ಥರ್ಟೀನ್ ರೀಸನ್ಸ್ ವೈ' ಎಂಬ ಅಮೆರಿಕದ ಸೀರೀಸ್ ಬಂತು. ಮೊದಲ ಸೀಸನ್‌ನಲ್ಲಿ 13 ಎಪಿಸೋಡ್. ಹ್ಯಾನಾ ಬೇಕರ್ ಎಂಬ ಹೈಸ್ಕೂಲು ಹುಡುಗಿ ತನ್ನ ಜೀವ ತೆಗೆದುಕೊಂಡಿದ್ದಾಳೆ. ಸಾಯುವ ಮೊದಲು ಕ್ಯಾಸೆಟ್‌ಗಳಲ್ಲಿ ಮಾತು ತುಂಬಿಸಿಟ್ಟಿದ್ದಾಳೆ. ತನ್ನನ್ನು ಯಾರು ಯಾರು ನೋಯಿಸಿದರು, ಹೇಗೆ ನೋಯಿಸಿದರು ಎಂದು ಅವಳ ದನಿಯೇ ಒಂದೊಂದಾಗಿ ಹೇಳುತ್ತದೆ. ಕ್ಲೇ ಎಂಬ ಹುಡುಗ ಅದನ್ನು ಕೇಳುತ್ತಾ ಹೋಗುತ್ತಾನೆ.

ಅಮೆರಿಕದಲ್ಲಿ ಇದಕ್ಕೆ ದೊಡ್ಡವರಿಗೆ ಮಾತ್ರ ಎಂಬ ಗುರುತಿತ್ತು. ಆದರೂ ನೋಡಿದವರಲ್ಲಿ ಶಾಲೆಯ ಮಕ್ಕಳೇ ಬೇಕಾದಷ್ಟು ಜನ. ಕಥೆಯೇ ಅವರದ್ದಾದ ಮೇಲೆ ಇನ್ನೇನಾಗುತ್ತದೆ? ಕೆಲವೇ ವಾರಗಳಲ್ಲಿ ಅಲ್ಲಿನ ಶಾಲಾ ಮನೋವಿಜ್ಞಾನಿಗಳ ರಾಷ್ಟ್ರೀಯ ಸಂಘಟನೆ, ಮನಸ್ಸು ಈಗಾಗಲೇ ಕುಗ್ಗಿರುವ ಮಕ್ಕಳು ಇದನ್ನು ನೋಡದಿರುವುದು ಒಳ್ಳೆಯದು ಎಂದು ಹೇಳಿತು. ನ್ಯೂಜಿಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆ ದೇಶದಲ್ಲಿ ಹದಿಹರೆಯದವರ ಆತ್ಮಹತ್ಯೆ ಮೊದಲಿನಿಂದಲೂ ದೊಡ್ಡ ಚಿಂತೆಯ ವಿಷಯ. ಅಲ್ಲಿನ ಸೆನ್ಸಾರ್ ಕಚೇರಿ ಆರ್‌ಪಿ18 ಎಂಬ ಹೊಸ ವರ್ಗವನ್ನೇ ಮಾಡಿತು. 18 ತುಂಬದವರು ಈ ಸೀರೀಸನ್ನು ಅಪ್ಪ ಅಮ್ಮನ ಜೊತೆ ಅಥವಾ ಪೋಷಕರ ಜೊತೆ ಕೂತು ನೋಡಬೇಕು ಎಂಬುದು ಅದರ ಅರ್ಥ. ಇದು ನನಗೆ ತುಂಬಾ ಹಿಡಿಸಿದ ತೀರ್ಮಾನ. ಪೂರ್ತಿ ಬೇಡ ಎನ್ನಲಿಲ್ಲ. ಒಬ್ಬರೇ ಕೂತು ನೋಡಬೇಡಿ ಎಂದರು.

ಮೊದಲ ಸೀಸನ್‌ನ ಕೊನೆಯಲ್ಲಿ ಹ್ಯಾನಾಳ ಸಾವನ್ನು ಸುಮಾರು ಮೂರು ನಿಮಿಷ ಎಳೆದು ತೋರಿಸಿದ್ದರು. 2019ರ ಜುಲೈನಲ್ಲಿ, ತಜ್ಞರ ಸಲಹೆ ಪಡೆದು, ನೆಟ್‌ಫ್ಲಿಕ್ಸ್ ಆ ಭಾಗವನ್ನು ಕತ್ತರಿಸಿ ಹಾಕಿತು. ಸೀರೀಸ್ ಬಂದು ಎರಡು ವರ್ಷ ದಾಟಿದ ಮೇಲೆ! ಅಷ್ಟರಲ್ಲಿ ನೋಡುವವರೆಲ್ಲ ನೋಡಿ ಆಗಿತ್ತು.

ಅದೇ ವರ್ಷ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸೀರೀಸ್ ಬಂದ ಮರುತಿಂಗಳು, ಅಂದರೆ 2017ರ ಏಪ್ರಿಲ್‌ನಲ್ಲಿ, 10ರಿಂದ 17 ವಯಸ್ಸಿನವರ ಆತ್ಮಹತ್ಯೆಯ ಪ್ರಮಾಣ ಶೇಕಡಾ 28.9ರಷ್ಟು ಜಾಸ್ತಿಯಾಗಿತ್ತು ಎಂದು ಅದು ಹೇಳಿತು. ಇದಕ್ಕೆ ಸೀರೀಸೇ ಕಾರಣ ಎಂದು ಆ ಸಂಶೋಧಕರೂ ಖಚಿತವಾಗಿ ಹೇಳಲಿಲ್ಲ. ಮರುವರ್ಷ ಇನ್ನೊಬ್ಬ ಸಂಶೋಧಕರು ಅದೇ ಅಂಕಿಅಂಶಗಳನ್ನು ಮತ್ತೆ ಲೆಕ್ಕ ಹಾಕಿದಾಗ ಸಂಬಂಧ ಅಷ್ಟು ಗಟ್ಟಿಯಾಗಿ ಕಾಣಲೂ ಇಲ್ಲ. ಹಾಗಾಗಿ ಈ ಅಂಕಿಯನ್ನು ಹಿಡಿದು ಯಾರನ್ನೂ ಹೆದರಿಸಲು ನನಗೆ ಇಷ್ಟವಿಲ್ಲ. ನನ್ನ ಆತಂಕಕ್ಕೆ ಕಾರಣ ಕಥೆಯೊಳಗೇ ಇದೆ.

ಕಥೆಯಲ್ಲಿ ಹ್ಯಾನಾ ಕೊನೆಗೆ ಶಾಲೆಯ ಆಪ್ತ ಸಮಾಲೋಚಕರ ಹತ್ತಿರ ಹೋಗುತ್ತಾಳೆ. ಬಾಯಿಬಿಟ್ಟು ಹೇಳಲು ಕಷ್ಟಪಡುತ್ತಾಳೆ. ಅವರು ಅವಳ ಮಾತನ್ನು ಸರಿಯಾಗಿ ಹಿಡಿಯುವುದಿಲ್ಲ. ಅವಳು ಎದ್ದು ಹೊರಗೆ ಬರುತ್ತಾಳೆ. ಅವರು ಹಿಂದೆಯೇ ಓಡಿ ಬರುವುದೂ ಇಲ್ಲ. ನಿಜ ಜೀವನದಲ್ಲಿ ಹೀಗೆ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಆಗುತ್ತದೆ. ಆದರೆ ಹದಿಮೂರು ವರ್ಷದ ಮಗು ಇದನ್ನು ಒಬ್ಬಳೇ ನೋಡಿದರೆ ಅವಳಿಗೆ ಸಿಗುವ ಪಾಠ ಯಾವುದು? ದೊಡ್ಡವರಿಗೆ ಹೇಳಿ ಏನೂ ಪ್ರಯೋಜನವಿಲ್ಲ ಅನ್ನೋದು ತಾನೆ?

ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮ. ಹ್ಯಾನಾ ಸತ್ತಿದ್ದಾಳೆ, ಆದರೆ ಹದಿಮೂರು ಎಪಿಸೋಡ್ ಉದ್ದಕ್ಕೂ ಅವಳೇ ಮಾತಾಡುತ್ತಾಳೆ. ಎಲ್ಲರೂ ಅವಳ ಮಾತು ಕೇಳಲೇಬೇಕು. ನೋಯಿಸಿದವರು ಒಬ್ಬೊಬ್ಬರಾಗಿ ಬೆವರುತ್ತಾರೆ, ಅಳುತ್ತಾರೆ. ಬದುಕಿದ್ದಾಗ ಸಿಗದ ನ್ಯಾಯ ಸತ್ತ ಮೇಲೆ ಸಿಕ್ಕಿತು ಎಂಬಂತೆ ಕಾಣುತ್ತದೆ. ಸಾವು ಅಂದರೆ ಎಲ್ಲ ಮುಗಿದ ಹಾಗೆ ಎಂದು ದೊಡ್ಡವರಿಗೆ ಗೊತ್ತು. ಕೋಪದಲ್ಲಿರುವ ಮಗು "ನಾನು ಇಲ್ಲದೆ ಹೋದಾಗ ಇವರಿಗೆ ಬುದ್ಧಿ ಬರುತ್ತೆ" ಎಂದು ಯೋಚಿಸುವುದು ಹೊಸದೇನಲ್ಲ. ಆ ಯೋಚನೆಗೆ ಈ ಕಥೆ ಒಂದು ಸುಂದರ ರೂಪ ಕೊಡುತ್ತದೆ. ಕತ್ತರಿಸಿ ತೆಗೆದ ಆ ಮೂರು ನಿಮಿಷಕ್ಕಿಂತ ನನಗೆ ಇದೇ ಹೆಚ್ಚು ಅಪಾಯ ಅನ್ನಿಸುತ್ತದೆ. ಇದನ್ನು ಕತ್ತರಿಸಿ ತೆಗೆಯಲು ಬರುವುದಿಲ್ಲ. ಕಥೆ ನಿಂತಿರುವುದೇ ಅದರ ಮೇಲೆ.

ವಯಸ್ಸಿನ ಗುರುತು ಇಂಥದ್ದನ್ನು ಹೇಳುವುದಿಲ್ಲ. ನಮ್ಮ ದೇಶದಲ್ಲಿ 2021ರಲ್ಲಿ ಬಂದ ನಿಯಮಗಳ ಪ್ರಕಾರ ಓಟಿಟಿಯ ಕಾರ್ಯಕ್ರಮಗಳಿಗೆ ಯು, ಯುಎ 7+, ಯುಎ 13+, ಯುಎ 16+, ಎ ಎಂಬ ಐದು ಗುರುತುಗಳಿವೆ. ಇದನ್ನು ಹಾಕುವುದು ಸಿನಿಮಾ ಸೆನ್ಸಾರ್ ಮಂಡಳಿಯಲ್ಲ, ಕಾರ್ಯಕ್ರಮ ತೋರಿಸುವ ಕಂಪನಿಯೇ. 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಪೋಷಕರು ಬೀಗ ಹಾಕುವ ಸೌಲಭ್ಯವನ್ನೂ ಅವರು ಕೊಡಲೇಬೇಕು. ಹಿಂಸೆ, ಬೈಗುಳ, ಲೈಂಗಿಕ ದೃಶ್ಯ, ಮಾದಕ ವಸ್ತು ಇದೆಯಾ ಎಂದು ಈ ಗುರುತಿನ ಪಕ್ಕದಲ್ಲಿ ಎರಡು ಮೂರು ಪದಗಳಲ್ಲಿ ಬರೆದಿರುತ್ತಾರೆ. ಅದನ್ನು ಓದಿ. ಆದರೆ ಅಲ್ಲಿಗೇ ನಿಲ್ಲಬೇಡಿ. ಕಥೆಯಲ್ಲಿ ಕಷ್ಟಕ್ಕೆ ಸಿಕ್ಕಿದವರು ಅದರಿಂದ ಹೊರಗೆ ಬರುತ್ತಾರಾ? ಅವರ ಕೈ ಹಿಡಿಯುವವರು ಒಬ್ಬರಾದರೂ ಇದ್ದಾರಾ? ನನ್ನ ಲೆಕ್ಕದಲ್ಲಿ ಮುಖ್ಯವಾದ ಪ್ರಶ್ನೆ ಇದೇ.

ಇದು ಸುಮ್ನೆ ಹೇಳುವ ಮಾತಲ್ಲ. ವಿಯೆನ್ನಾದ ಸಂಶೋಧಕರು ಆಸ್ಟ್ರಿಯಾದ ಪತ್ರಿಕೆಗಳ ನೂರಾರು ವರದಿಗಳನ್ನು ನೋಡಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಾವನ್ನೇ ಮತ್ತೆ ಮತ್ತೆ ಬರೆದ ವರದಿಗಳು ಬಂದಾಗ ಆತ್ಮಹತ್ಯೆ ಹೆಚ್ಚಾಗಿತ್ತು. ಸಾಯಬೇಕು ಅನ್ನಿಸಿದರೂ ಅದನ್ನು ದಾಟಿ ಬದುಕಿದವರ ಬಗ್ಗೆ ಬರೆದಾಗ ಕಡಿಮೆಯಾಗಿತ್ತು. ವಿಷಯ ಒಂದೇ. ಹೇಳಿದ ರೀತಿ ಬೇರೆ.

ಹಾಗಾದರೆ ಗಂಭೀರ ವಿಷಯದ ಸೀರೀಸ್ ಮಕ್ಕಳಿಗೆ ಬೇಡವೇ ಬೇಡವಾ? ನಾನು ಹಾಗೆ ಹೇಳಲಾರೆ. 2025ರ ಮಾರ್ಚ್‌ನಲ್ಲಿ ಬಂದ ಬ್ರಿಟನ್ನಿನ 'ಅಡೋಲೆಸೆನ್ಸ್' ನೋಡಿ. ಬರೀ ನಾಲ್ಕು ಎಪಿಸೋಡ್. ಜೇಮಿ ಎಂಬ 13 ವರ್ಷದ ಹುಡುಗ ಶಾಲೆಯ ಹುಡುಗಿಯೊಬ್ಬಳನ್ನು ಕೊಂದ ಆರೋಪದ ಮೇಲೆ ಬಂಧನವಾಗುತ್ತಾನೆ. ವಿಷಯ ಭಯಂಕರ. ಆದರೆ ಕೊಲೆಯನ್ನು ಎಳೆದು ತೋರಿಸಿಲ್ಲ. ಏನು ನಡೆಯಿತು ಅನ್ನುವುದಕ್ಕಿಂತ ಯಾಕೆ ನಡೆಯಿತು ಎಂದು ಅದು ಕೇಳುತ್ತದೆ. ಎರಡನೇ ಎಪಿಸೋಡಿನಲ್ಲಿ ತನಿಖೆ ಮಾಡುವ ಪೊಲೀಸ್ ಅಧಿಕಾರಿಗೆ ಇನ್‌ಸ್ಟಾಗ್ರಾಂನ ಎಮೋಜಿಗಳ ಒಳಾರ್ಥವೇ ಗೊತ್ತಿರುವುದಿಲ್ಲ. ಅದೇ ಶಾಲೆಯಲ್ಲಿ ಓದುವ ಅವರ ಮಗ ಬಂದು ಅಪ್ಪನಿಗೆ ಬಿಡಿಸಿ ಹೇಳಬೇಕಾಗುತ್ತದೆ. ಕೊನೆಯ ಎಪಿಸೋಡಿನಲ್ಲಿ ಜೇಮಿಯ ಅಪ್ಪ ಅಮ್ಮ, ಮಗ ಕೋಣೆಯೊಳಗೇ ಇದ್ದನಲ್ಲ, ಕ್ಷೇಮವಾಗಿದ್ದಾನೆ ಅಂದುಕೊಂಡಿದ್ದೆವಲ್ಲ ಎಂದು ಕುಸಿಯುತ್ತಾರೆ. ಆ ಮಾತು ಲಂಡನ್ನಿನ ಮನೆಗೆ ಎಷ್ಟು ಅನ್ವಯಿಸುತ್ತದೋ ದಾವಣಗೆರೆಯ ಮನೆಗೂ ಅಷ್ಟೇ. ಬ್ರಿಟನ್ನಿನಲ್ಲಿ ಈ ಸೀರೀಸನ್ನು ಹೈಸ್ಕೂಲುಗಳಲ್ಲಿ ಉಚಿತವಾಗಿ ತೋರಿಸಲು ವ್ಯವಸ್ಥೆ ಮಾಡಿದರು.

ಹತ್ತು ಹನ್ನೊಂದು ವರ್ಷದ ಮಗುವಿಗೆ ನಾನು ಇದನ್ನು ತೋರಿಸುವುದಿಲ್ಲ. ಹದಿನಾಲ್ಕು ಹದಿನೈದರ ಮಗುವಿಗೆ, ದೊಡ್ಡವರು ಪಕ್ಕದಲ್ಲಿ ಕೂತರೆ, ತೋರಿಸಬಹುದು. ದಿನಕ್ಕೆ ಒಂದೇ ಎಪಿಸೋಡ್. ಮುಗಿದ ಕೂಡಲೇ ಮುಂದಿನದು ತಾನಾಗಿಯೇ ಶುರುವಾಗುತ್ತದಲ್ಲ, ಆ ಸೆಟ್ಟಿಂಗ್ ಮೊದಲು ಆಫ್ ಮಾಡಿ. ಮಾತು ಹುಟ್ಟುವುದು ಆ ಬಿಡುವಿನಲ್ಲಿ. ಮಾತು ಅಂದರೆ ಪರೀಕ್ಷೆಯಲ್ಲ. "ಅವನ ಜಾಗದಲ್ಲಿ ನಿನ್ನ ಫ್ರೆಂಡ್ ಇದ್ದಿದ್ದರೆ ನೀನು ಏನು ಮಾಡುತ್ತಿದ್ದೆ?" ಇಷ್ಟು ಕೇಳಿದರೆ ಸಾಕು, ಉಳಿದದ್ದು ಅವರೇ ಹೇಳುತ್ತಾರೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನಿಮ್ಮ ಮಗುವಿನ ಈಗಿನ ಸ್ಥಿತಿ. ಅಜ್ಜಿ ತೀರಿಕೊಂಡು ತಿಂಗಳಾಗಿದೆಯಾ? ಶಾಲೆ ಬದಲಾಗಿ ಹೊಸ ಜಾಗದಲ್ಲಿ ಒಂಟಿಯಾಗಿದ್ದಾನಾ? ರಾತ್ರಿ ನಿದ್ದೆ ಸರಿ ಬರುತ್ತಿಲ್ಲವಾ? ಹಾಗಿದ್ದರೆ ಅಕ್ಕನಿಗೆ ಹದಿಮೂರರಲ್ಲಿ ಏನೂ ಆಗದ ಕಥೆ ತಮ್ಮನಿಗೆ ಹದಿನೈದರಲ್ಲೂ ಭಾರವಾಗಬಹುದು. ನೀವು ಮೊದಲು ಎರಡು ಎಪಿಸೋಡ್ ನೋಡಿ, ಕೊನೆಯದ್ದನ್ನೂ ನೋಡಿ. ಆಮೇಲೆ "ಈಗ ಬೇಡ" ಎಂದು ಹೇಳಬೇಕಾದರೆ ಕಾರಣ ಕೊಟ್ಟು ಹೇಳಿ. ನೀವು ನೋಡಿದ್ದೀರಿ ಎಂದು ಗೊತ್ತಾದರೆ ಮಕ್ಕಳು ಆ "ಬೇಡ"ಕ್ಕೆ ಬೆಲೆ ಕೊಡುತ್ತಾರೆ.

ಕೆಲವು ಮಕ್ಕಳು ಆಗಲೇ ನೋಡಿಬಿಟ್ಟಿರುತ್ತಾರೆ. ಪೂರ್ತಿ ಸೀರೀಸ್ ಅಲ್ಲದಿದ್ದರೂ ರೀಲ್ಸ್‌ನಲ್ಲಿ ತುಂಡು ತುಂಡಾಗಿ. ಹಿಂದೆ ಮುಂದೆ ಏನೂ ಇಲ್ಲದೆ ಅತಿ ನೋವಿನ ದೃಶ್ಯ ಮಾತ್ರ, ಅದರ ಮೇಲೊಂದು ಹಾಡು. ಗೊತ್ತಾದಾಗ ಫೋನ್ ಕಿತ್ತುಕೊಂಡು ಬೈಯಬೇಡಿ. ಹ್ಯಾನಾಳ ಕಥೆಯಲ್ಲಿ ಎಡವಿದ್ದು ಅಲ್ಲೇ, ಹೇಳಲು ಬಂದವಳನ್ನು ಕೇಳಿಸಿಕೊಳ್ಳುವವರು ಇರಲಿಲ್ಲ. ಯಾವ ಭಾಗ ನೋಡಿ ಬೇಜಾರಾಯಿತು ಎಂದು ಕೇಳಿ. "ನಿನಗೂ ಯಾವಾಗಲಾದರೂ ಹಾಗೆ ಅನ್ನಿಸಿದೆಯಾ?" ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ ಎಂದು ಮನೋವೈದ್ಯರು ಹೇಳುತ್ತಾರೆ. ಉತ್ತರ ಹೌದು ಎಂದಾದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ನಂಬರ್ ಬರೆದುಕೊಳ್ಳಿ: 14416. ಇನ್ನೊಮ್ಮೆ ಹೇಳುತ್ತೇನೆ, ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಮಸ್ಕಾರ.