ತುಂಬೆಯ ತಳದಲ್ಲಿ ಯಾರಿದ್ದಾರೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಏಪ್ರಿಲ್ ಬಂತೆಂದರೆ ಮಂಗಳೂರಿನವರ ಬಾಯಲ್ಲಿ ಒಂದೇ ಮಾತು: ತುಂಬೆಯಲ್ಲಿ ಈಗ ಎಷ್ಟು ಮೀಟರ್ ನೀರಿದೆ? ಉಡುಪಿಯವರಿಗೆ ಬಜೆಯ ಚಿಂತೆ. ನೇತ್ರಾವತಿಗೆ ತುಂಬೆಯಲ್ಲಿ, ಸ್ವರ್ಣಾ ನದಿಗೆ ಬಜೆಯಲ್ಲಿ ಕಟ್ಟಿದ ಅಣೆಕಟ್ಟುಗಳನ್ನೇ ಈ ಎರಡು ಊರುಗಳು ನಲ್ಲಿ ನೀರಿಗೆ ನಂಬಿಕೊಂಡಿವೆ. ನೀರಿನ ಮಟ್ಟ ಪತ್ರಿಕೆಯಲ್ಲಿ ಬರುತ್ತದೆ. ಆದರೆ ತಳದಲ್ಲಿ ಏನು ನಡೆಯುತ್ತಿದೆ ಅಂತ ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಅದು ಮೀಟರ್ ಲೆಕ್ಕದಷ್ಟೇ ಮುಖ್ಯ.

ತಳದಲ್ಲಿ ಬೆನ್ನೆಲುಬಿಲ್ಲದ ಸಣ್ಣ ಪ್ರಾಣಿಗಳು ತುಂಬಿವೆ. ಹುಳುಗಳು, ಬಸವನಹುಳುಗಳು, ಸಿಹಿನೀರಿನ ಚಿಪ್ಪುಗಳು, ಏರೋಪ್ಲೇನ್ ಚಿಟ್ಟೆಯ ಮರಿಗಳು. ಉದುರಿದ ಎಲೆ, ಸತ್ತ ಪಾಚಿ ಈ ಪ್ರಾಣಿಗಳಲ್ಲಿ ಎಷ್ಟಕ್ಕೋ ಊಟ. ಈ ಪ್ರಾಣಿಗಳು ಮೀನಿಗೆ ಊಟ. ಯಾವುದು ಎಲ್ಲಿ ಬದುಕುತ್ತದೆ ಅನ್ನುವುದು ನೀರಿನ ಓಟ, ತಳದ ಮಣ್ಣು, ಆಮ್ಲಜನಕ ಇವುಗಳ ಮೇಲೆ ನಿಂತಿದೆ.

ಹರಿಯುವ ಹೊಳೆಯಲ್ಲಿ ಒಂದು ಕಲ್ಲು ಎತ್ತಿ ತಿರುಗಿಸಿ ನೋಡಿ. ಮೇಫ್ಲೈ ಅನ್ನುವ ಕೀಟದ ಚಪ್ಪಟೆ ಮೈಯ ಮರಿ ಅಂಟಿಕೊಂಡಿರುತ್ತದೆ. ಹೊಟ್ಟೆಯ ಎರಡೂ ಬದಿಗೆ ತೆಳ್ಳಗಿನ ಕಿವಿರುಗಳು. ಪಕ್ಕದಲ್ಲೇ ಕ್ಯಾಡಿಸ್ ಅನ್ನುವ ಇನ್ನೊಂದು ಕೀಟದ ಮರಿಹುಳು ಕಲ್ಲಿನ ಸಂದಿಗೆ ರೇಷ್ಮೆ ಎಳೆಯ ಪುಟ್ಟ ಬಲೆ ನೇಯ್ದು, ನಮ್ಮ ಮೀನುಗಾರರು ಹೊಳೆಗೆ ಅಡ್ಡ ಬಲೆ ಕಟ್ಟಿದ ಹಾಗೆ, ನೀರು ತರುವ ಆಹಾರಕ್ಕೆ ಕಾದಿರುತ್ತದೆ. ಮಳೆಗಾಲ ಮುಗಿದು ಅಣೆಕಟ್ಟಿನ ಬಾಗಿಲು ಮುಚ್ಚಿದರೆ ಓಟ ನಿಧಾನವಾಗುತ್ತದೆ. ಬಲೆಗೆ ಏನೂ ಬೀಳುವುದಿಲ್ಲ. ನೀರು ಹೊತ್ತು ತಂದ ಹೂಳು ಅಲ್ಲೇ ಕೂರುತ್ತದೆ, ಸಂದಿಗಳು ಮುಚ್ಚುತ್ತವೆ, ಕಿವಿರಿಗೆ ಕೆಸರು ಮೆತ್ತುತ್ತದೆ. ಹೊಳೆಯ ಜೀವಿಗಳು ಹಿಂದೆ ಸರಿದು, ಕೆರೆಯ ಜೀವಿಗಳು ಬಂದು ಕೂರುತ್ತವೆ.

ಹಾಗೆ ಬರುವವರಲ್ಲಿ ಕೈರೊನಾಮಿಡ್ ಅನ್ನುವ ಕೆಂಪು ಹುಳು ಮುಖ್ಯ. ಇದು ಸೊಳ್ಳೆಯಂತೆ ಕಂಡರೂ ಕಚ್ಚದ ಒಂದು ಕೀಟದ ಮರಿ. ಸಂಜೆ ದೀಪಕ್ಕೆ ಗುಂಪು ಗುಂಪಾಗಿ ಬರುತ್ತದಲ್ವಾ, ಅದರದ್ದೇ ಮರಿ. ಕೆಸರಿನ ಕಣಗಳನ್ನು ತನ್ನದೇ ಎಳೆಯಿಂದ ಅಂಟಿಸಿ ಕೊಳವೆ ಕಟ್ಟಿಕೊಳ್ಳುತ್ತದೆ. ಒಳಗೆ ಮೈಯನ್ನು ಅಲೆಯಂತೆ ಆಡಿಸಿ ಹೊಸ ನೀರು ಎಳೆದುಕೊಳ್ಳುತ್ತದೆ. ಕೆಂಪು ಬಣ್ಣ ಸುಮ್ನೆ ಬಂದದ್ದಲ್ಲ. ನಮ್ಮ ರಕ್ತದಲ್ಲಿರುವಂತೆ ಅದರಲ್ಲೂ ಹಿಮೋಗ್ಲೋಬಿನ್ ಇದೆ. ಹಾಗಾಗಿ ಆಮ್ಲಜನಕ ತೀರಾ ಕಡಿಮೆಯಾದ ಕೆಸರಲ್ಲೂ ಬದುಕುತ್ತದೆ. ಟ್ಯೂಬಿಫೆಕ್ಸ್ ಹುಳುವಿನದ್ದು ಇನ್ನೊಂದು ಉಪಾಯ. ತಲೆ ಕೆಸರಲ್ಲಿ, ಬಾಲ ಹೊರಗೆ. ಆಮ್ಲಜನಕ ಕಡಿಮೆಯಾದಷ್ಟೂ ಬಾಲ ಜಾಸ್ತಿ ಹೊರಗೆ ಚಾಚಿ ಆಡಿಸುತ್ತದೆ. ತಳದಲ್ಲಿ ಇವೆರಡೇ ಉಳಿದು ಬೇರೆಲ್ಲ ಕಾಣೆಯಾದರೆ ಕೊಳಚೆ ಸೇರುತ್ತಿದೆಯಾ ಅಂತ ಕೂಡಲೇ ನೋಡಬೇಕು.

ಬೇಸಿಗೆ ಇವರಿಗೆಲ್ಲ ಕಷ್ಟದ ಕಾಲ. ನೀರು ಬಿಸಿಯಾದಷ್ಟೂ ಅದು ಹಿಡಿದುಕೊಳ್ಳುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ. ಆಳದ ಜಲಾಶಯಗಳಲ್ಲಿ ಬಿಸಿ ನೀರು ಮೇಲೆ, ತಂಪು ನೀರು ಕೆಳಗೆ ಪದರಾಗಿ ನಿಲ್ಲುವುದೂ ಉಂಟು. ಕೊಳೆಯುವ ಎಲೆ ಕೆಳಗಿನ ಆಮ್ಲಜನಕವನ್ನು ಮುಗಿಸಿಬಿಡುತ್ತದೆ. ಆಗ ತಳದ ಮಣ್ಣಿನ ಕಬ್ಬಿಣ, ಮ್ಯಾಂಗನೀಸ್ ನೀರಿಗೆ ಇಳಿಯುತ್ತವೆ. ನಮ್ಮ ಮುರಕಲ್ಲಿನ ಮಣ್ಣಲ್ಲಿ ಕಬ್ಬಿಣಕ್ಕೆ ಬರವಿಲ್ಲ.

ನೀರಿನ ಮಟ್ಟ ಬೇಗ ಇಳಿದರೆ ದಡದ ಕೆಸರು ಒಣಗುತ್ತದೆ. ಚಿಪ್ಪುಗಳು ತೆವಳಿ ಆಳಕ್ಕೆ ಹೋಗಲು ನೋಡುತ್ತವೆ, ಅವಕ್ಕೆ ವೇಗ ಸಾಲದು. ಸಿಹಿನೀರಿನ ಎಷ್ಟೋ ಜಾತಿಯ ಚಿಪ್ಪುಗಳ ಮರಿಗಳು ಮೊದಲು ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಬೆಳೆಯುತ್ತವೆ. ಮೀನಿನ ಓಡಾಟ ಅಣೆಕಟ್ಟಿನಲ್ಲಿ ನಿಂತರೆ ಚಿಪ್ಪಿನ ಪ್ರಯಾಣವೂ ಅಲ್ಲಿಗೇ ನಿಂತಿತು. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ಜೂನ್‌ನಲ್ಲಿ ಬಾಗಿಲು ತೆರೆದಾಗ ಪ್ರವಾಹ ಹೂಳಿನ ಒಂದಷ್ಟು ಪಾಲನ್ನು ತೊಳೆದುಕೊಂಡು ಹೋಗುತ್ತದೆ. ಆಮೇಲೆ ಮೇಲಿನ ತೊರೆಗಳಿಂದ ಮರಿಗಳು ತೇಲಿ ಬರುತ್ತವೆ, ರೆಕ್ಕೆ ಬಂದ ಕೀಟಗಳು ಹಾರಿ ಬಂದು ಮೊಟ್ಟೆ ಇಡುತ್ತವೆ. ಅಂದರೆ ಮೇಲಿನ ತೊರೆಗಳಲ್ಲಿ ಅವು ಉಳಿದಿರಬೇಕು. ಅಲ್ಲಿ ದಡದ ಮರ ಕಡಿದರೆ, ಮರಳು ಬಾಚಿದರೆ, ಇಲ್ಲಿಗೆ ಬರುವುದಾದರೂ ಯಾರು?

ಪ್ರಯೋಗಾಲಯದ ಪರೀಕ್ಷೆ ನೀರು ತುಂಬಿಸಿಕೊಂಡ ಆ ಹೊತ್ತಿನ ಸ್ಥಿತಿ ಹೇಳುತ್ತದೆ. ತಳದ ಪ್ರಾಣಿಗಳು ವಾರ, ತಿಂಗಳುಗಳಿಂದ ನಡೆದದ್ದನ್ನು ಹೇಳುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಬಳಿಯೂ ಇವಕ್ಕೆ ಅಂಕ ಕೊಟ್ಟು ನೀರಿನ ಗುಣ ಅಳೆಯುವ ಕ್ರಮವಿದೆ. ತುಂಬೆ, ಬಜೆಗಳಲ್ಲಿ ಬಾಗಿಲು ಮುಚ್ಚುವ ಮೊದಲು ಒಮ್ಮೆ, ಮೇ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ ಇನ್ನೊಮ್ಮೆ ತಳದ ಮಣ್ಣು ತೆಗೆದು ನೋಡುವ ಕೆಲಸ ಪ್ರತಿ ವರ್ಷ ನಡೆಯಬೇಕು. ಅರ್ಧ ಮಿಲಿಮೀಟರ್ ಕಣ್ಣಿನ ಜರಡಿ, ಒಂದು ಬಿಳಿ ತಟ್ಟೆ, ಒಂದು ಭೂತಗನ್ನಡಿ ಇದ್ದರೆ ಶುರು ಮಾಡಬಹುದು. ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು, ಮೇಷ್ಟ್ರುಗಳ ಜೊತೆ, ಅನುಮತಿ ಪಡೆದು ಇದನ್ನು ಖಂಡಿತ ಮಾಡಬಲ್ಲರು.

ನಮಸ್ಕಾರ.